ಕಿಂಡಿಯ ಬಟ್ಟಲು

"ಹಸಿವಿಲ್ಲದವರೂ ಬಂದು ಉಣ್ಣುವ ಅನ್ನವನ್ನು ನಿಲ್ಲಿಸಬೇಕೇ, ಬುದ್ಧಿ, ಇಲ್ಲ ತಿದ್ದಬೇಕೇ?"

ಗುರುಶಾಂತಪ್ಪ ಮಠದ ಜಗಲಿಯ ಮೇಲೆ ಕೈಮುಗಿದು ಕೂತು ಹೀಗೆ ಕೇಳಿದ. ಅವನು ತಾಲ್ಲೂಕಿನ ಅಧಿಕಾರಿ. ಸರ್ಕಾರ ಬಡವರಿಗೆ ಕೊಡುವ ಅಕ್ಕಿ, ಮುದುಕರಿಗೆ, ವಿಧವೆಯರಿಗೆ ಕೊಡುವ ಮಾಸಾಶನ ತಕ್ಕವರಿಗೆ ಸೇರುತ್ತಿದೆಯೇ ಎಂದು ನೋಡಿ ಅಭಿಪ್ರಾಯ ಬರೆಯುವ ಕೆಲಸ ಅವನ ತಲೆಗೆ ಬಂದಿತ್ತು. ಎಲ್ಲವನ್ನೂ ನಿಲ್ಲಿಸಿ, ಜನ ಸೋಮಾರಿಗಳಾಗುತ್ತಿದ್ದಾರೆ ಎನ್ನುವವರು ಒಂದು ಕಡೆ. ನಿಲ್ಲಿಸಬೇಡಿ, ಜರಡಿ ಹಿಡಿಯಿರಿ ಎನ್ನುವವರು ಇನ್ನೊಂದು ಕಡೆ. ಇಬ್ಬರ ಮಾತೂ ಅವನಿಗೆ ಸರಿಯೆನಿಸುತ್ತಿತ್ತು, ಅದೇ ಅವನ ಕಷ್ಟ. ಮನೆ ಮನೆಗೆ ಹೋಗಿ ಕೇಳಲು ಹನ್ನೊಂದು ಪ್ರಶ್ನೆಗಳ ಒಂದು ಹಾಳೆಯನ್ನು ಸಿದ್ಧಮಾಡಿಕೊಂಡಿದ್ದ. ಅದಕ್ಕೆ ನಾಳೆ ರುಜು ಹಾಕಬೇಕಿತ್ತು. ಆ ರುಜುವಿನ ಮೇಲೆ ತಾಲ್ಲೂಕಿನ ಎಷ್ಟೋ ಒಲೆಗಳು ನಿಂತಿದ್ದವು.

ಮಠದ ಗುರುಗಳಿಗೆ ದಣಿವಾಗಿತ್ತು. ಆ ಪ್ರಶ್ನೆ ಆ ಜಗಲಿಗೆ ಹೊಸದಲ್ಲ. ಇವನ ಹಿಂದಿನ ಅಧಿಕಾರಿಯೂ ಕೇಳಿದ್ದ, ಅವನ ಹಿಂದಿನವನೂ ಕೇಳಿದ್ದ. ಕೇಳಿದವರೆಲ್ಲ ವರ್ಗವಾಗಿ ಹೋದರು, ಪ್ರಶ್ನೆಗೆ ಮಾತ್ರ ವರ್ಗವಿಲ್ಲ. ಅಡಿಗೆಮನೆಯ ಕಡೆಯಿಂದ ಸಾರಿನ ಒಗ್ಗರಣೆಯ ವಾಸನೆ ಬಂತು. ಗುರುಶಾಂತಪ್ಪ ಬಂದು ಅಡ್ಡಬಿದ್ದಾಗಲೇ ಅವರು, "ಊಟವಾಯಿತೇ?" ಎಂದು ಕೇಳಿದ್ದರು. ಅವನು, "ಆಯಿತು ಬುದ್ಧಿ" ಎಂದಿದ್ದ. ಯಾರಾದರೂ ಹಾಗೆ ಕೇಳಿದರೆ ಹಾಗೆಯೇ ಹೇಳುವುದು.

"ಕೇಳು" ಎಂದು ಗುರುಗಳು ಗೋಡೆಗೆ ಒರಗಿ ಕತೆ ತೆಗೆದರು.

ಒಂದು ಊರಿನಲ್ಲಿ ಅರಸ ಒಂದು ಗಂಜಿಮನೆ ಇಟ್ಟಿದ್ದ. ಅದಕ್ಕೆ ಬಾಗಿಲಿತ್ತು, ಆದರೆ ಉಣ್ಣುವವರು ಬಾಗಿಲಿಗೆ ಬರುತ್ತಿರಲಿಲ್ಲ. ಹಿಂದುಗಡೆಯ ಗೋಡೆಯಲ್ಲಿ ಒಂದು ಕಿಂಡಿಯಿತ್ತು. ಖಾಲಿ ಬಟ್ಟಲು ಒಳಗೆ ಬರುತ್ತಿತ್ತು, ತುಂಬಿದ ಬಟ್ಟಲು ಹೊರಗೆ ಹೋಗುತ್ತಿತ್ತು. ಒಳಗೆ ಕೂತು ಬಡಿಸುವವನಿಗೆ ಒಂದೇ ಕಟ್ಟಳೆ. ಅವನು ಬಟ್ಟಲು ನೋಡಬೇಕು, ಮುಖ ನೋಡಬಾರದು. ಕಟ್ಟಿಸಿದ ಅರಸನಿಗೆ ಹಸಿವಿನ ವಿಷಯ ತಿಳಿದಿತ್ತೋ, ನಾಚಿಕೆಯ ವಿಷಯ ತಿಳಿದಿತ್ತೋ, ಈಗ ಹೇಳುವವರಿಲ್ಲ.

ಬಡಿಸುವವನು ಪ್ರಾಮಾಣಿಕ. ಇಪ್ಪತ್ತು ವರ್ಷ ಅವನು ಊರಿನ ಕೈಗಳನ್ನು ಮಾತ್ರ ನೋಡಿದ. ಅವುಗಳಲ್ಲಿ ಒಂದು ಕೈಯ ಮಣಿಕಟ್ಟಿನ ಮೇಲೆ ಮಾಸಿದ ಹಚ್ಚೆಯಿತ್ತು. ಆ ಕೈ ತರುತ್ತಿದ್ದುದು ಅಂಚು ಮುಕ್ಕಾದ ಮಣ್ಣಿನ ಬಟ್ಟಲು. ಮುಕ್ಕಾದ ಕಡೆಯಿಂದ ಗಂಜಿ ಸೋರೀತೆಂದು ಅವನು ಬಟ್ಟಲನ್ನು ಕೊಂಚ ವಾಲಿಸಿ ಕೊಡುತ್ತಿದ್ದ. ಕೈ ಅದನ್ನು ಹಾಗೆಯೇ ವಾಲಿಸಿ ತೆಗೆದುಕೊಳ್ಳುತ್ತಿತ್ತು. ಅವರಿಬ್ಬರ ನಡುವೆ ಅಷ್ಟೇ ಮಾತುಕತೆ.

ಒಂದು ದಿನ ಒಬ್ಬ ವರ್ತಕ ಆ ಹಾದಿಯಲ್ಲಿ ಬರುವಾಗ, ಎರಡೆತ್ತಿನ ಒಡೆಯನೊಬ್ಬ ಕಿಂಡಿಯ ಹತ್ತಿರ ನಿಂತು ಗಂಜಿ ಕುಡಿದು ಮೀಸೆ ಒರೆಸಿಕೊಳ್ಳುವುದನ್ನು ಕಂಡ. ಅವನಿಗೆ ಮೈ ಉರಿಯಿತು. ಉರಿದದ್ದು ತಪ್ಪಲ್ಲ, ಕಂಡದ್ದೂ ಸುಳ್ಳಲ್ಲ. ಅವನು ಊರ ಸಭೆ ಕರೆದ. ಗಂಜಿಮನೆ ಮುಚ್ಚಿ ಎಂದು ಅರ್ಧ ಜನ, ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುತ್ತಾರೆಯೇ ಎಂದು ಅರ್ಧ ಜನ. ಮೂರು ತಿಂಗಳು ವಾದ ನಡೆಯಿತು. ವಾದ ದಪ್ಪವಾದ ಹಾಗೆಲ್ಲ ಗಂಜಿ ತೆಳ್ಳಗಾಯಿತು. ಕೊನೆಗೆ ಎಲ್ಲರಿಗೂ ಸಾಕಾಗಿ ಒಂದು ತೀರ್ಮಾನಕ್ಕೆ ಬಂದರು. ಕಿಂಡಿ ಮುಚ್ಚತಕ್ಕದ್ದು. ಉಣ್ಣುವವರು ಬಾಗಿಲಿಗೆ ಬರತಕ್ಕದ್ದು. ಬರುವಾಗ, ಇವರು ಹಸಿದವರು ಹೌದು ಎಂದು ಹೇಳುವ ನೆರೆಯವರೊಬ್ಬರನ್ನು ಕರೆತರತಕ್ಕದ್ದು. ಬಡಿಸುವವನೇ ಪ್ರಶ್ನೆ ಕೇಳತಕ್ಕದ್ದು.

ಮೊದಲ ದಿನ ಎಲ್ಲರಿಗಿಂತ ಮುಂಚೆ ಬಂದವನು ಎರಡೆತ್ತಿನವನೇ. ಒಬ್ಬರನ್ನು ಕೇಳಿದರೆ ಅವನು ನಾಲ್ವರನ್ನು ತಂದಿದ್ದ. ಉಳುಮೆಯ ಕಾಲ, ನಾಲ್ವರಿಗೂ ಅವನ ಎತ್ತು ಬೇಕಾಗಿತ್ತು. ಪಾಪ, ಇವನಂಥ ಬಡವನಿಲ್ಲ ಎಂದು ನಾಲ್ವರೂ ಹೇಳಿದರು. ಅವನು ಒಳಗೆ ಹೋಗಿ ಚಕ್ಕಳಮಕ್ಕಳ ಹಾಕಿ ಕೂತ.

ಅವನ ಹಿಂದೆ ನೂಲುವ ಹೆಂಗಸೊಬ್ಬಳು ಬಂದಳು. ಸೆರಗಿನಿಂದ ಮುಖ ಅರ್ಧ ಮುಚ್ಚಿತ್ತು. ಜೊತೆಗೆ ಬಂದವಳು ಪಕ್ಕದ ಮನೆಯವಳು. ಒಳ್ಳೆಯ ಹೆಂಗಸು, ಏನು ಎತ್ತ ಎಂದು ಕೇಳದೆ, ಕರೆದ ಕೂಡಲೇ ಎದ್ದು ಬಂದಿದ್ದಳು.

ಬಡಿಸುವವನು, "ಈಕೆಯ ಮನೆಯಲ್ಲಿ ಒಲೆ ಉರಿಯುತ್ತದೆಯೇ?" ಎಂದು ಕೇಳಿದ.

"ಉರೀದೆ ಏನಪ್ಪಾ? ದಿನಾ ಬೆಳಿಗ್ಗೆ ಹೊಗೆ ಕಾಣ್ತದೆ. ನೀರಿಗೆ ಹೋಗುವಾಗ ನಾನೂ ತಪ್ಪದೆ ಕೇಳ್ತೀನಿ, ಊಟ ಆಯ್ತೇನೇ ಅಂತ. ಆಯ್ತಕ್ಕ ಅಂತಾಳೆ. ದೇವರ ಮುಂದೆ ಸುಳ್ಳು ಯಾಕೆ ಹೇಳ್ಲಿ?"

ಅವಳು ಹೇಳಿದ್ದೆಲ್ಲ ನಿಜ. ಸಾಲಿನಲ್ಲಿದ್ದವರೆಲ್ಲ ನೂಲುವವಳನ್ನು ನೋಡಿದರು. ಅವಳು ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಸೆರಗು ಇನ್ನಷ್ಟು ಎಳೆದುಕೊಂಡು ಹಿಂದಿರುಗಿದಳು. ಎಳೆದುಕೊಂಡ ಕೈಯ ಮಣಿಕಟ್ಟಿನ ಮೇಲೆ ಮಾಸಿದ ಹಚ್ಚೆಯಿತ್ತು. ಕಂಕುಳಲ್ಲಿ ಅಂಚು ಮುಕ್ಕಾದ ಬಟ್ಟಲಿತ್ತು.

ಬಡಿಸುವವನಿಗೆ ಗುರುತು ಸಿಕ್ಕಿತು. ಕೂಗಿ ಕರೆಯಬೇಕೆನಿಸಿತು. ಆದರೆ ನೆರೆಯವಳ ಮಾತು ಎಲ್ಲರ ಎದುರಿಗೆ ಆಗಿತ್ತು, ಕಟ್ಟಳೆಯೂ ಎಲ್ಲರ ಎದುರಿಗೇ ಆಗಿತ್ತು. ಹಿಂದೆ ಉದ್ದನೆಯ ಸಾಲಿತ್ತು. ಅವನು ಮುಂದಿನವರನ್ನು ಕರೆದ.

ಮಾರನೆಯ ದಿನ ಅವನು ಆ ಬಟ್ಟಲಿಗಾಗಿ ಕಾದ. ಅದರ ಮಾರನೆಯ ದಿನವೂ ಕಾದ. ಸಾಲು ದಿನದಿನಕ್ಕೆ ಮೊಟಕಾಯಿತು. ನೆರೆಯವರ ಎದುರು ಹೇಳಿಕೊಳ್ಳಲಾರದವರು ಒಬ್ಬೊಬ್ಬರಾಗಿ ಮನೆಯಲ್ಲೇ ಉಳಿದರು. ನಾಚಿಕೆ ಬಿಟ್ಟವರು ಮತ್ತು ನಾಲ್ಕು ಜನರ ಬೆಂಬಲ ಇದ್ದವರು ಉಳಿದುಕೊಂಡರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಇಪ್ಪತ್ತನೆಯ ದಿನ ಬಡಿಸುವವನಿಗೆ ತಡೆಯಲಾಗಲಿಲ್ಲ. ಒಂದು ತಂಬಿಗೆಯಲ್ಲಿ ಗಂಜಿ ತುಂಬಿ, ಮೇಲೆ ಬಟ್ಟೆ ಮುಚ್ಚಿ, ನೂಲುವವಳ ಮನೆ ಹುಡುಕಿಕೊಂಡು ಹೋದ. ಅಂಗಳದಲ್ಲಿ ಜನ ಸೇರಿದ್ದರು. ಒಳಗೆ ಒಲೆಯ ಮೇಲೆ ಮಡಕೆಯಿತ್ತು. ಅದರಲ್ಲಿ ನೀರು ಬಿಟ್ಟು ಬೇರೇನೂ ಇರಲಿಲ್ಲ. ಪಕ್ಕದಲ್ಲಿ ಬಟ್ಟಲು ತೊಳೆದು ಬೋರಲು ಹಾಕಿತ್ತು. ಎಲ್ಲರಿಗಿಂತ ಹೆಚ್ಚು ಅಳುತ್ತಿದ್ದವಳು ಪಕ್ಕದ ಮನೆಯವಳೇ. "ದಿನಾ ಕೇಳ್ತಿದ್ದೆನಲ್ಲೇ, ಒಂದು ದಿನ ಇಲ್ಲ ಅನ್ನಬಾರದಿತ್ತೇನೇ" ಎಂದು ಅವಳು ಎದೆ ಎದೆ ಬಡಿದುಕೊಳ್ಳುತ್ತಿದ್ದಳು. ಬಡಿಸುವವನು ತಂಬಿಗೆ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದ. ಅದನ್ನು ಎಲ್ಲಿ ಇಡಬೇಕೆಂದು ಅವನಿಗೆ ತಿಳಿಯಲಿಲ್ಲ.

ತಿಂಗಳು ಕಳೆದ ಮೇಲೆ ಮತ್ತೆ ಸಭೆ ಸೇರಿತು. ವರ್ತಕ ಗಂಜಿಮನೆಯೊಳಗೆ ಇಣುಕಿ ನೋಡಿ ಬಂದಿದ್ದ. ಅಲ್ಲಿ ಕೂತಿದ್ದವರು ಹತ್ತು ಹನ್ನೆರಡು ಜನ, ಎಲ್ಲರೂ ಹೊಟ್ಟೆ ತುಂಬಿದವರು. "ನಾನು ಮೊದಲೇ ಹೇಳಲಿಲ್ಲವೇ? ಈ ಊರಿನಲ್ಲಿ ಹಸಿದವರೇ ಇಲ್ಲ" ಎಂದ. ಈ ಸಲ ವಾದ ಮಾಡುವವರು ಯಾರೂ ಇರಲಿಲ್ಲ. ಗಂಜಿಮನೆ ಮುಚ್ಚಿತು.

ಗುರುಗಳು ಇಷ್ಟು ಹೇಳಿ ಕಣ್ಣು ಮುಚ್ಚಿದರು. ಈ ಕತೆಯನ್ನು ಅವರು ಎಷ್ಟು ಸಲ ಹೇಳಿದ್ದರೋ. ಹೇಳಿದಾಗಲೆಲ್ಲ ಆ ತಂಬಿಗೆಯ ಮಾತಿಗೆ ಬಂದಾಗ ಅವರ ದನಿ ತಗ್ಗುತ್ತಿತ್ತು.

ಗುರುಶಾಂತಪ್ಪನ ಕೈ ಚೀಲದ ಮೇಲಿತ್ತು. ಒಳಗೆ ಹನ್ನೊಂದು ಪ್ರಶ್ನೆಗಳ ಹಾಳೆಯಿತ್ತು. ಅವನಿಗೆ ಸಂಕಟವಾಯಿತು, ಸಿಟ್ಟೂ ಬಂತು. ಬೆಳಗಿನಿಂದ ಐದು ಹಳ್ಳಿ ತಿರುಗಿದ್ದ. ಒಂದು ಲೋಟ ಚಹಾ ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ, ತಲೆ ಸಿಡಿಯುತ್ತಿತ್ತು. ಕಟ್ಟಳೆ ಮಾಡಿದವರದು ಅಷ್ಟೊಂದು ತಪ್ಪೇ? ಸಾಕ್ಷಿ ಹೇಳಿದವಳದು ತಪ್ಪೇ? ಬಾಯಿಬಿಟ್ಟು ಕೇಳದವರಿಗೆ ಸರ್ಕಾರವಾದರೂ ಏನು ಮಾಡೀತು?

"ತಪ್ಪು ಆ ಹೆಂಗಸಿನದೂ ಇದೆ, ಬುದ್ಧಿ" ಎಂದ. "ಹೊಟ್ಟೆಗಿಲ್ಲ ಎಂದು ಹೇಳಿಕೊಳ್ಳಲು ಅಷ್ಟೊಂದು ನಾಚಿಕೆ ಯಾಕೆ? ಕೇಳಿದವರಿಗೆ ಇದ್ದದ್ದು ಇದ್ದ ಹಾಗೆ ಹೇಳಿದ್ದರೆ ಆಗುತ್ತಿತ್ತು."

ಗುರುಗಳು ಕಣ್ಣು ತೆರೆದು, ಅವನ ಒಣಗಿದ ತುಟಿಗಳನ್ನು ನೋಡಿ, ಮೆಲ್ಲಗೆ ಹೇಳಿದರು:

"ನೀನು ಬಂದಾಗ, ಊಟವಾಯಿತೇ ಎಂದು ನಾನೂ ಕೇಳಿದೆನಲ್ಲ ಗುರುಶಾಂತ, ಏನು ಹೇಳಿದೆ?"