ಮೊದಲು ಉಣಿಸು, ಆಮೇಲೆ ಬೈ

ಎಡೆಗುಡ್ಡದ ಪೂಜ್ಯ ಗುರುಶಾಂತಮ್ಮನವರ ಮಠವನ್ನು ಹುಡುಕಿಕೊಂಡು ಬಂದ ಹೊಸಬರು ಮಠದ ಎದುರಿಗೇ ನಿಂತು "ಮಠ ಎಲ್ಲಿ?" ಎಂದು ಕೇಳುತ್ತಿದ್ದರು. ಅಲ್ಲಿ ಇದ್ದದ್ದು ಮಣ್ಣಿನ ಮಾಳಿಗೆಯ ಎರಡು ಕೋಣೆ, ಒಂದು ಬಾವಿ, ಹೊಗೆ ಹಿಡಿದು ಕಪ್ಪಾದ ಅಡುಗೆಮನೆ. ಬೆಳಗಿನ ಲಿಂಗಪೂಜೆ ಮುಗಿಸಿ ಒಲೆಯ ಮುಂದೆ ಕುಳಿತರೆ ಬಂದವರಿಗೆಲ್ಲ ರೊಟ್ಟಿ ಬಡಿಯುವುದೇ ಅವ್ವನವರ ಎರಡನೆಯ ಪೂಜೆ. ಅವರು ಪ್ರವಚನ ಹೇಳಿದವರಲ್ಲ. ಯಾರಾದರೂ ಪಾದಕ್ಕೆ ಬಾಗಿದರೆ, "ಏಳು, ಕೈ ತೊಳಕೊ, ಉಣ್ಣು" ಎನ್ನುವರು. ಅವರ ಬಾಯಿಂದ ಬಹಳ ಮಂದಿ ಕೇಳಿದ್ದು ಅಷ್ಟನ್ನೇ.

ಒಂದು ಮಧ್ಯಾಹ್ನ ಆ ಅಡುಗೆಮನೆಯ ಬಾಗಿಲಿಗೆ ಹಾಲಗಡ್ಡಿಯ ಈರಸಂಗಪ್ಪ ಬಂದು ನಿಂತ. ಹಾಲಗಡ್ಡಿ ಕೃಷ್ಣಾ ಹೊಳೆಯ ನಡುಗಡ್ಡೆಯ ಮೇಲಿನ ಒಂದು ಊರು. ಹೊರಗಿನ ಲೋಕಕ್ಕೆ ಹೋಗಬೇಕಾದರೆ ತೆಪ್ಪವೇ ಗತಿ. ಈರಸಂಗಪ್ಪ ಗರಡಿಯಲ್ಲಿ ಬೆಳೆದ ಆಳು, ಹೆಂಡತಿ ಮಕ್ಕಳಿಲ್ಲದವನು. ತಾಯಿ, ತಮ್ಮ ಮಾನಪ್ಪ, ತಮ್ಮನ ಹೆಂಡತಿ ನಿಂಬೆವ್ವ, ಇಷ್ಟೇ ಅವನ ಸಂಸಾರ. ಹಿಂದಿನ ವರ್ಷ ಹೊಳೆ ತುಂಬಿದಾಗ ತೆಪ್ಪ ಮಗುಚಿ ಮಾನಪ್ಪ ತೀರಿಕೊಂಡಿದ್ದ. ಅಂದಿನಿಂದ ಈರಸಂಗಪ್ಪನಿಗೆ ಒಂದೇ ಧ್ಯಾನ: ಊರಿಗೆ ಸೇತುವೆ ಆಗಬೇಕು. ಕಚೇರಿಯಿಂದ ಕಚೇರಿಗೆ ಅಲೆದ. ಕೊನೆಗೆ ಒಂದು ಬಹಿರಂಗ ಸಭೆಯಲ್ಲಿ, ಜನರನ್ನು ಸೀಳಿಕೊಂಡು ಸಾಕ್ಷಾತ್ ವಾಮನರಾಯ ಕಟಗೇರಿಯವರ ಮುಂದೆಯೇ ಹೋಗಿ ನಿಂತ.

ವಾಮನರಾಯರು ನಮ್ಮ ಸೀಮೆಯಲ್ಲಿ ಹುಟ್ಟಿ ದೆಹಲಿಯಲ್ಲಿ ಹಿರಿಯ ಮಂತ್ರಿಗಳಾಗಿದ್ದವರು. ದೇಶವೇ ಅವರ ಮಾತಿಗೆ ಕಿವಿಗೊಡುತ್ತಿದ್ದ ಕಾಲವದು. ಈರಸಂಗಪ್ಪ ಕೈಮುಗಿದು, "ಸಾಹೇಬರ, ನನ್ನ ತಮ್ಮ ಹೊಳ್ಯಾಗ ಮುಳುಗಿ ಸತ್ತಾನರಿ" ಎಂದ. ಅವರು ಅವನ ಹೆಗಲ ಮೇಲೆ ಕೈಯಿಟ್ಟು, ನಸುನಕ್ಕು, "ಬಹಳ ಸಂತೋಷ, ಬಹಳ ಸಂತೋಷ" ಎಂದು ಮುಂದೆ ಹೋದರು.

ಸುತ್ತ ನಿಂತವರೆಲ್ಲ ಅದನ್ನು ಕೇಳಿಸಿಕೊಂಡರು. ಒಬ್ಬನಂತೂ ನಕ್ಕ.

ಆ ಮಾತು ಅವನ ಎದೆಯಲ್ಲಿ ಮುಳ್ಳಾಗಿ ಮುರಿದು ಉಳಿದಿತ್ತು. ಅವನು ಮಠಕ್ಕೆ ಬಂದ ಮರುದಿನವೇ ವಾಮನರಾಯರು ಮತ್ತೆ ಜಿಲ್ಲೆಗೆ ಬರುವವರಿದ್ದರು. "ಮಂದಿ ಮುಂದ ಅವರ ಮಾರಿಗೆ ಚಪ್ಪಲಿ ಒಗಿತೀನವ್ವಾ. ಜೇಲಿಗೆ ಹಾಕಿದರ ಹಾಕಲಿ. ಮನ್ಯಾಗಿನ ಹೆಣಮಕ್ಕಳನ್ನ ನೀವು ನೋಡ್ಕೊಳ್ರಿ. ಇದನ್ನ ಹೇಳಾಕ ಬಂದೆ" ಎಂದ.

ಅವ್ವನವರು ಬಡಿಯುತ್ತಿದ್ದ ರೊಟ್ಟಿಯಿಂದ ಕಣ್ಣು ತೆಗೆಯಲಿಲ್ಲ. "ಯಾರು, ನಮ್ಮ ವಾಮನನೇನು? ಸಾಲಿ ಕಲಿಯೂ ಮುಂದ ಇಲ್ಲೇ ಉಣ್ತಿದ್ದ" ಎಂದರು. ಆಮೇಲೆ ಬಿಸಿ ರೊಟ್ಟಿಗಳನ್ನು ಆರಿಸಿ, ನಡುವೆ ಶೇಂಗಾಹಿಂಡಿಯ ಚಟ್ನಿ ಇಟ್ಟು, ಬಿಳಿಯ ವಸ್ತ್ರದಲ್ಲಿ ಗಂಟು ಕಟ್ಟಿ ಅವನ ಕೈಗೆ ಕೊಟ್ಟರು.

"ಮೊದಲ ಉಣಸು. ಆಮ್ಯಾಲ ಬೈ. ಅಂವ ಕುಂತು ಉಂಡದ್ದನ್ನ ಕಣ್ಣಾರೆ ನೋಡು. ಅಲ್ಲೀತನಕ ಚಪ್ಪಲಿ ಕಾಲಾಗ ಇರಲಿ."

ಈರಸಂಗಪ್ಪನಿಗೆ ಇದು ಸರಿಕಾಣಲಿಲ್ಲ. ಆದರೆ ಅವ್ವನವರ ಮಾತನ್ನು ಮೀರುವ ಧೈರ್ಯ ಆ ಸೀಮೆಯಲ್ಲಿ ಯಾರಿಗೂ ಇರಲಿಲ್ಲ.

ಮರುದಿನ ನಸುಕಿನಲ್ಲಿಯೇ ಅವನು ಪ್ರವಾಸಿ ಮಂದಿರದ ಬಾಗಿಲಿಗೆ ಹೋದ. ಪೊಲೀಸರು ಗಂಟು ಬಿಚ್ಚಿಸಿದರು, ರೊಟ್ಟಿಯನ್ನು ಮೂಸಿ ನೋಡಿದರು, ಒಂದನ್ನು ಮುರಿದೂ ನೋಡಿದರು. "ಎಡೆಗುಡ್ಡದ ಅವ್ವಾರು ಕಳಿಸ್ಯಾರ" ಎಂಬ ಮಾತು ಹೇಗೋ ಒಳಗೆ ಮುಟ್ಟಿತು. ಒಳಗೆ ವಾಮನರಾಯರಿಗೆ ಕ್ಷೌರ ನಡೆದಿತ್ತು. ಗಲ್ಲದ ಅರ್ಧ ಭಾಗದಲ್ಲಿ ಇನ್ನೂ ಸಾಬೂನಿನ ನೊರೆ. ಒಬ್ಬ ಅಧಿಕಾರಿ ಕಾಗದ ಓದುತ್ತಿದ್ದ, ಇನ್ನೊಬ್ಬ ಸಹಿಗಾಗಿ ಪೆನ್ನು ಹಿಡಿದು ನಿಂತಿದ್ದ. "ಅವ್ವಾರು ಕಳಿಸ್ಯಾರೇನು?" ಅವರ ಮುಖ ಒಂದು ಕ್ಷಣ ಹುಡುಗನ ಮುಖದಂತಾಯಿತು. "ವೇಣುಗೋಪಾಲ, ಇವರನ್ನ ನಮ್ಮ ಗಾಡ್ಯಾಗ ಕುಂದರಸ್ರಿ. ದಾರ್ಯಾಗ ಉಣ್ತೀನಿ."

ದಾರಿಯಲ್ಲಿ ಉಣ್ಣುವುದಾಗಲಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ವಾಮನರಾಯರ ಎರಡೂ ಪಕ್ಕಕ್ಕೆ ಅಧಿಕಾರಿಗಳು. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರದು ಶುರು. ಆಪ್ತ ಕಾರ್ಯದರ್ಶಿ ವೇಣುಗೋಪಾಲರ ಪಕ್ಕದಲ್ಲಿ ಮುಂದೆ ಇಕ್ಕಟ್ಟಾಗಿ ಕುಳಿತ ಈರಸಂಗಪ್ಪ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕಾಯ್ದ. ಊರು ಬಂದೊಡನೆ ಡೊಳ್ಳು, ಹಾರ, ಜಯಕಾರ. ಆಸ್ಪತ್ರೆಯ ಹೊಸ ಕಟ್ಟಡದ ಉದ್ಘಾಟನೆ. ಅಲ್ಲಿಂದ ಸಕ್ಕರೆ ಕಾರ್ಖಾನೆಯವರ ಜಗಳ, ಎರಡೂ ಕಡೆಯವರು ಒಂದೇ ಸಲಕ್ಕೆ ಕೂಗಾಡಿದರು. ಅಲ್ಲಿಂದ ಕಾಲೇಜು. ಕಾಲೇಜಿನ ಮೆಟ್ಟಿಲ ಮೇಲೆಯೇ ಪಕ್ಷದವರು ಹಿಡಿದು ನಿಲ್ಲಿಸಿ, ದೆಹಲಿಯಲ್ಲಿ ಯಾರು ಯಾರ ಕಾಲು ಎಳೆಯುತ್ತಿದ್ದಾರೆಂದು ಕಿವಿಯಲ್ಲಿ ಉಸುರಿದರು. ಎಲ್ಲ ಕಡೆ ಅದೇ ನಗು, ಅದೇ ಮುಗಿದ ಕೈ. ಈರಸಂಗಪ್ಪ ಎಷ್ಟೋ ವರ್ಷ ಕುಸ್ತಿ ಆಡಿದವನು. ಹೊತ್ತೇರುವಷ್ಟರಲ್ಲಿ ಬರೀ ನೋಡಿಯೇ ಅವನ ಮೈ ಸೋತುಹೋಯಿತು.

"ದಿನಾ ಹಿಂಗ ಏನ್ರಿ?" ಎಂದು ವೇಣುಗೋಪಾಲರನ್ನು ಕೇಳಿದ.

"ಇವತ್ತು ಸ್ವಲ್ಪ ಆರಾಮ. ಊರ ಕಡೆ ಬಂದಿದ್ದಾರಲ್ಲ" ಎಂದರು ಅವರು.

ಊಟದ ಹೊತ್ತಿಗೆ ಅಧಿಕಾರಿಯೊಬ್ಬರ ಮನೆಯಲ್ಲಿ ಎಲೆ ಹಾಕಿತ್ತು. ವಾಮನರಾಯರು ಕೈ ತೊಳೆದು ಕುಳಿತರು. "ಅವ್ವಾರ ರೊಟ್ಟಿ ತರ್ರಿ" ಎಂದು ಈರಸಂಗಪ್ಪನ ಕಡೆ ಕೈ ಚಾಚಿದರು. ಅಷ್ಟರಲ್ಲಿ ಒಳಗಿನ ಕೋಣೆಯಲ್ಲಿ ಟೆಲಿಫೋನು ಗಣಗಣಿಸಿತು. ಎತ್ತಿ ಕೇಳಿದ ವೇಣುಗೋಪಾಲರು ಓಡಿಬಂದು ಅವರ ಕಿವಿಯಲ್ಲಿ ಏನೋ ಹೇಳಿದರು. ವಾಮನರಾಯರು ಒದ್ದೆ ಕೈಯಲ್ಲಿಯೇ ಎದ್ದು ಹೋದರು.

ಉತ್ತರದ ಒಂದು ಕಲ್ಲಿದ್ದಲ ಗಣಿಯೊಳಗೆ ಬೆಂಕಿ ಬಿದ್ದಿದೆ ಎಂದು ಕಾರ್ಯದರ್ಶಿಗಳು ಪಿಸುಗುಟ್ಟಿದರು. ಆಳುಗಳು ಒಳಗೇ ಇದ್ದಾರೆ. ಗಣಿಯ ಬಾಯಿ ಮುಚ್ಚದಿದ್ದರೆ ಬೆಂಕಿ ಪಕ್ಕದ ಗಣಿಗೂ ಹಬ್ಬುತ್ತದೆ, ಅಲ್ಲಿ ಇನ್ನೂ ಹೆಚ್ಚು ಮಂದಿ. ಗಣಿಗಳ ಖಾತೆ ಇವರದು; ಮುಚ್ಚಬೇಕೋ ಬೇಡವೋ, ಅದನ್ನು ಇವರು ಹೇಳಬೇಕು.

"ಒಳಗಿನವರು ಇನ್ನೂ ಬದುಕ್ಯಾರೇನ್ರಿ?" ಈರಸಂಗಪ್ಪ ಕೇಳಿದ.

"ಗೊತ್ತಿಲ್ಲ. ಅದಕ್ಕೇ ಕೇಳುತ್ತಿದ್ದಾರೆ."

ಬಾಗಿಲ ಸಂದಿಯಿಂದ ಕಾಣಿಸಿತು: ವಾಮನರಾಯರು ಗೋಡೆಗೆ ಹಣೆ ಹಚ್ಚಿ ನಿಂತಿದ್ದರು. "ಇನ್ನೊಮ್ಮೆ ಇಳಿದು ನೋಡಲಿ. ಇನ್ನೊಂದು ಸಲ. ಆಮೇಲೆ..." ಎಂದರು. ಆಮೇಲಿನ ಮಾತು ಕೇಳಿಸಲಿಲ್ಲ. ಹೊರಗೆ ಬಂದಾಗ ಎಲೆಯ ಕಡೆ ನೋಡಲೂ ಇಲ್ಲ. ಅಂಗಳದಲ್ಲಿ ಶಾಲೆಯ ಮಕ್ಕಳು ಸ್ವಾಗತಗೀತೆಗೆ ಸಾಲಾಗಿ ನಿಂತಿದ್ದರು. ಅವರು ಮಕ್ಕಳ ಮುಂದೆ ನಿಂತು ನಕ್ಕರು.

ಇಳಿಹೊತ್ತಿಗೆ ಒಂದು ಮೈದಾನದಲ್ಲಿ ಜನರ ಅಹವಾಲು. ಸಾಲಿನಲ್ಲಿ ಹರಕು ಧೋತರದ ಒಬ್ಬ ಮುದುಕ ಮುಂದೆ ಬಂದು, "ಎಪ್ಪಾ, ತಪ್ಪಿಲ್ಲದ ನನ್ನ ಮಗನ್ನ ಜೇಲಿನ್ಯಾಗ ಇಟ್ಟಾರ. ಅವರವ್ವ ಹಾಸಿಗಿ ಹಿಡದಾಳ" ಎಂದ. ಅದೇ ಗಳಿಗೆಯಲ್ಲಿ ಒಬ್ಬ ಅಧಿಕಾರಿ ಓಡಿಬಂದು ವಾಮನರಾಯರ ಇನ್ನೊಂದು ಕಿವಿಗೆ ಬಾಗಿ ಹೇಳಿದ: "ಯಾರೂ ಉಳಿದಿಲ್ಲ ಸರ್. ಗಣಿಯ ಬಾಯಿ ಮುಚ್ಚಿದರು."

ವಾಮನರಾಯರು ಮುದುಕನ ಹೆಗಲ ಮೇಲೆ ಕೈಯಿಟ್ಟರು. ನಸುನಕ್ಕರು. "ಬಹಳ ಸಂತೋಷ, ಬಹಳ ಸಂತೋಷ."

ಮುದುಕ ಅಲ್ಲಿಯೇ ಕಲ್ಲಾಗಿ ನಿಂತ. ಹಿಂದಿನವರು ಅವನನ್ನು ಪಕ್ಕಕ್ಕೆ ತಳ್ಳಿದರು.

ಈರಸಂಗಪ್ಪನಿಗೆ ಕಪಾಳಕ್ಕೆ ಹೊಡೆದಂತಾಯಿತು. ಆ ಸಭೆಯ ದಿನದಿಂದ ಆ ನಗುವನ್ನು ಅಹಂಕಾರವೆಂದು ತಿಳಿದಿದ್ದ, ಬಡವರ ಮೇಲಿನ ತಾತ್ಸಾರವೆಂದು ತಿಳಿದಿದ್ದ. ಈಗ ತೀರ ಹತ್ತಿರದಿಂದ ನೋಡಿದ: ಆ ಮುಖದ ಹಿಂದೆ ಯಾರೂ ಇರಲಿಲ್ಲ. ಕೈ ತಾನಾಗಿ ಹೆಗಲಿಗೆ ಹೋಗಿತ್ತು, ಬಾಯಿ ತಾನಾಗಿ ನುಡಿದಿತ್ತು. ಮನುಷ್ಯ ಮಾತ್ರ ಎಲ್ಲೋ ದೂರದ ಉರಿಯುವ ಗಣಿಯ ಬಾಯಲ್ಲಿದ್ದ. ಅಹಂಕಾರವಾಗಿದ್ದರೆ ಬೈಯಬಹುದಿತ್ತು. ಇದಕ್ಕೆ ಏನು ಮಾಡುವುದು?

ಸಂಜೆ ಮುಂದಿನ ಊರಿಗೆ ಹೊರಟಾಗ ದಾರಿಯಲ್ಲಿ ರೈಲ್ವೆ ಗೇಟು ಬಿದ್ದಿತ್ತು. ಪೊಲೀಸರು ಗದರಿದರು. "ಗಾಡಿಗೆ ಸಿಗ್ನಲ್ ಕೊಟ್ಟೈತ್ರಿ. ಈಗ ತೆಗಿಯಾಕ ಬರೂದಿಲ್ಲ" ಎಂದ ಗೇಟಿನವನು. ಆ ದಿನ ವಾಮನರಾಯರ ಮುಂದೆ ತೆರೆದುಕೊಳ್ಳದಿದ್ದದ್ದು ಅದೊಂದೇ. ಅವರು ಕಾರಿನಿಂದ ಇಳಿದು, ರಸ್ತೆಯ ಪಕ್ಕದ ಮೋರಿಕಟ್ಟೆಯ ಮೇಲೆ ಕುಳಿತರು.

ಈರಸಂಗಪ್ಪ ಹೋಗಿ ಗಂಟು ಬಿಚ್ಚಿದ. ರೊಟ್ಟಿ ಗಟ್ಟಿಯಾಗಿತ್ತು. ಅವರು ಮುರಿದು, ಹಿಂಡಿ ಹಚ್ಚಿ, ಬಾಯಿಗಿಟ್ಟರು. ಮುಂಜಾನೆಯಿಂದ ಅವರ ಹೊಟ್ಟೆಗೆ ಬಿದ್ದ ಮೊದಲ ತುತ್ತು. ಇಷ್ಟು ಹಸಿದವರನ್ನು ಅವನು ಅಲ್ಲಿಯವರೆಗೆ ನೋಡಿರಲಿಲ್ಲ. ಎರಡನೆಯ ರೊಟ್ಟಿ ಮುಗಿಯುವವರೆಗೆ ಕಾಯ್ದ.

"ಅವ್ವಾರು ಏನರೆ ಹೇಳ್ಯಾರೇನು?" ಎಂದು ಅವರು ಕೇಳಿದರು.

"ಮೊದಲ ಉಣಸು, ಆಮ್ಯಾಲ ಬೈ ಅಂದಾರ್ರಿ. ನಾ ನಿಮಗ ಬೈಯಾಕ ಬಂದಾಂವ."

ಪೊಲೀಸರು ಮುಂದೆ ಬಂದರು. ವಾಮನರಾಯರು ಕೈಯೆತ್ತಿ ಅವರನ್ನು ತಡೆದರು. "ಬೈರಿ" ಎಂದರು.

ಆದರೆ ಬೈಗುಳ ಬರಲಿಲ್ಲ. ಅವನು ನಡೆದದ್ದನ್ನಷ್ಟೇ ಹೇಳಿದ: ತಮ್ಮ ಸತ್ತಾನ ಅಂದೆ, ನೀವು ಬಹಳ ಸಂತೋಷ ಅಂದಿರಿ. ಇವತ್ತ ಆ ಮುದುಕಪ್ಪ ಮಗ ಜೇಲಿನ್ಯಾಗ ಅದಾನ ಅಂದ, ಅವಂಗೂ ಅದನ್ನ ಅಂದಿರಿ.

ವಾಮನರಾಯರು ಕೈಯಲ್ಲಿದ್ದ ತುತ್ತನ್ನು ವಸ್ತ್ರದ ಮೇಲೆ ಇಟ್ಟುಬಿಟ್ಟರು. "ಹಿಂಗ ಅಂದೆನೇನು ನಾನು?" ಅವರು ಕಾರ್ಯದರ್ಶಿಗಳ ಕಡೆ ತಿರುಗಿದರು. ವೇಣುಗೋಪಾಲರು ತಲೆ ತಗ್ಗಿಸಿದರು. "ನಿಮಗ ಗೊತ್ತಿತ್ತು?"

"ಹಲವು ಸಲ ಆಗಿದೆ ಸರ್. ಹೇಳುವುದು ಹೇಗೆಂದು..."

ರೈಲು ಭೋರ್ಗರೆದು ಬಂತು, ಹೋಯಿತು. ಗೇಟು ಮೇಲೆದ್ದಿತು. ಕಾರುಗಳೆಲ್ಲ ಗುರುಗುಟ್ಟಿದವು, ಹಾರನ್ ಬಾರಿಸಿದವು. ಅವರು ಏಳಲಿಲ್ಲ. ದೇಶದ ಅಷ್ಟು ದೊಡ್ಡ ನಾಯಕರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಮೋರಿಕಟ್ಟೆಯ ಮೇಲೆ ಕುಳಿತಿದ್ದರು. "ಇನ್ನ ಎಷ್ಟು ಮಂದಿಗೆ ಅಂದೀನೋ ಮಹಾದೇವಾ" ಎಂದರು. ಆಮೇಲೆ ತಲೆಯೆತ್ತಿ, "ನಿನ್ನ ತಮ್ಮನ ಹೆಸರೇನಪಾ?" ಎಂದು ಕೇಳಿದರು.

"ಮಾನಪ್ಪ ಅಂತರಿ." ಹೇಳುತ್ತಲೇ ಈರಸಂಗಪ್ಪ ಬಿಕ್ಕಿಬಿಟ್ಟ. ಅಲೆದ ಅಷ್ಟೂ ಕಚೇರಿಗಳಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

ಮುಂದಿನ ಊರಿನಲ್ಲಿ ವಾಮನರಾಯರಿಗೆ ಸನ್ಮಾನವಿತ್ತು, ವೇದಿಕೆ ಸಿದ್ಧವಾಗಿತ್ತು. ಅವರು ಕ್ಷಮೆ ಕೇಳಲು ಕಾರ್ಯದರ್ಶಿಗಳನ್ನು ಅಲ್ಲಿಗೆ ಕಳಿಸಿದರು. ತಾವು ಕಾರನ್ನು ಹಿಂದಕ್ಕೆ ತಿರುಗಿಸಿ ಮುದುಕನನ್ನು ಹುಡುಕಿಸಿದರು. ಬಸ್‌ನಿಲ್ದಾಣದಲ್ಲಿ ಅವನು ಸಿಕ್ಕ. ಅವನ ಪಕ್ಕ ನೆಲದ ಮೇಲೆ ಕುಳಿತು ಪೂರ್ತಿ ಕೇಳಿದರು. ಈರಸಂಗಪ್ಪನಿಗೆ, "ಸೇತುವೆ ಆಗತೈತಿ ಅಂತ ಇವತ್ತ ಸುಳ್ಳು ಹೇಳೂದಿಲ್ಲ. ಹಾಲಗಡ್ಡಿಗೆ ಬರ್ತೀನಿ, ಹೊಳಿ ನೋಡ್ತೀನಿ" ಎಂದರು. ಮುಂದೆ ಬಂದರು ಕೂಡ.

ಮರುದಿನ ಬೆಳಿಗ್ಗೆ ಈರಸಂಗಪ್ಪ ಎಡೆಗುಡ್ಡಕ್ಕೆ ಹೋಗಿ ಅವ್ವನವರ ಪಾದಕ್ಕೆ ಬಿದ್ದ.

"ಉಂಡನೇನು?" ಎಂದರು ಅವ್ವನವರು.

"ಉಂಡರವ್ವಾ."

"ಸಿಟ್ಟು ಹೋತೇನು?"

"ಹೋತು. ಆದರ ಹೆದರಿಕಿ ಬಂದೈತಿ. ನಾ ಒಬ್ಬ ಸಾದಾ ಮನಷ್ಯಾ. ಈ ಒಂದು ವರ್ಷ ಸೇತುವಿ ಸೇತುವಿ ಅಂತ ಓಡಾಡಿದೆ. ನಾನೂ ಯಾರ ಮಾತು ಕೇಳದ ಬಿಟ್ಟೀನೋ ಅಂತ..." ಎನ್ನುವಷ್ಟರಲ್ಲಿ ಅವನಿಗೆ ನೆನಪಾಗಿತ್ತು. ಮಾನಪ್ಪ ಸತ್ತ ಮುಂದಿನ ತಿಂಗಳು, ಒಂದು ಮುಂಜಾನೆ ಅವನು ಕಚೇರಿಗೆ ಹೊರಟಾಗ, ಎಂದೂ ಎದುರಿಗೆ ಬಾರದ ನಿಂಬೆವ್ವ ಬಾಗಿಲಿಗೆ ಬಂದು ಏನೋ ಹೇಳತೊಡಗಿದ್ದಳು. ತೆಪ್ಪ ತಪ್ಪೀತೆಂದು ಅವನು "ಆತು, ಆತು" ಎಂದು ಓಡಿದ್ದ. ಅವಳು ಹೇಳಿದ್ದೇನೆಂದು ಅವನಿಗೆ ಇಂದಿಗೂ ಗೊತ್ತಿರಲಿಲ್ಲ.

ಅವ್ವನವರು ಅವನ ಮುಖ ನೋಡಿದರು. "ಇಲ್ಲ್ಯಾಕ ನಿಂತಿ?" ಎಂದರು. "ಮನೀಗೆ ಹೋಗು."

ಅವನು ಓಡಿದ. ತೆಪ್ಪ ಇಳಿದು ಮನೆಗೆ ಬಂದು ಹೊಸ್ತಿಲ ಹೊರಗೆ ಕುಳಿತು, "ನಿಂಬೆವ್ವಾ, ತಂಗೀ, ಅವತ್ತ ನೀ ಏನ ಹೇಳಾಕ ಬಂದಿದ್ದಿ?" ಎಂದು ಕೇಳಿದ.

ಅವನು ಕಾಯ್ದ. ಕೊನೆಗೆ ಬಾಗಿಲ ಮರೆಯಿಂದ ಸಣ್ಣ ಧ್ವನಿ ಬಂತು.

"ನಾ ಬಸರಿದ್ದೆ ಭಾವಾರ. ಅವತ್ತ ಹೊಟ್ಟಿ ನೋವು ಎದ್ದಿತ್ತು. ದವಾಖಾನಿಗೆ ಕರಕೊಂಡು ಹೋಗ್ರಿ ಅಂತ ಹೇಳಾಕ ಬಂದಿದ್ದೆ. ಸಂಜೀ ಮುಂದ ಕೂಸು ಹೋಗಿಬಿಟ್ಟಿತು. ಯಾರಿಗೂ ಹೇಳಬ್ಯಾಡ ಅಂದರು ಅತ್ತಿಯಾರು."

ತಮ್ಮನ ಕೂಸು ಆ ಮನೆಯಲ್ಲಿಯೇ ಇತ್ತು, ಆ ಮನೆಯಲ್ಲಿಯೇ ಹೋಯಿತು. ತಮ್ಮನ ಸಾವಿಗೆ ನ್ಯಾಯ ಕೇಳುತ್ತ ಊರೂರು ತಿರುಗಿದ ಅವನಿಗೆ ಅದರ ಸುಳಿವೂ ಇರಲಿಲ್ಲ. ನೆಲಕ್ಕೆ ಹಣೆ ಹಚ್ಚಿದ.

ಇಷ್ಟು ದಿನ ಅದುಮಿಟ್ಟದ್ದು ಅವಳಲ್ಲಿ ಕಟ್ಟೆಯೊಡೆಯಿತು. ಅವಳು ಮಾತಾಡಿದಳು. ಗಂಡನ ಬಗ್ಗೆ, ಕೂಸಿನ ಬಗ್ಗೆ, ಒಂಟಿಯಾಗಿ ಕಳೆದ ದಿನಗಳ ಬಗ್ಗೆ. ಹೊರಗೆ ಯಾರೋ ಬಂದು, "ಈರಸಂಗಪ್ಪಾ, ಸೇತುವಿ ವಿಚಾರಕ್ಕ ತಹಶೀಲ್ದಾರರು ಕರದಾರ, ಲಗೂನ ನಡಿ" ಎಂದು ಕೂಗಿದರು. ಅವನು ಕೈಸನ್ನೆಯಿಂದ ಅವರನ್ನು ಕಳಿಸಿದ. ಆಚೆಯ ದಡಕ್ಕೆ ದಿನದ ಕೊನೆಯ ತೆಪ್ಪ ಹೊರಟು ಹೋಯಿತು. ಅವನು ಹೊಸ್ತಿಲು ಬಿಟ್ಟು ಏಳಲಿಲ್ಲ. ನಿಂಬೆವ್ವ ಇನ್ನೂ ಹೇಳುತ್ತಿದ್ದಳು.