ಜೇಡಕ್ಕೆ ಮೀಸೆ ಬಂದದ್ದು

ಲೋಕ ಆಗಷ್ಟೇ ಹುಟ್ಟಿತ್ತು, ಅದರ ಮೈ ಇನ್ನೂ ಒಣಗಿರಲಿಲ್ಲ. ಸಮುದ್ರಕ್ಕೆ ತನ್ನ ಗಡಿ ಯಾವುದೆಂದೇ ಗೊತ್ತಿರಲಿಲ್ಲ. ಮನಸ್ಸು ಬಂದಾಗ ಅಳಿವೆ ದಾಟಿ ಬರುತ್ತಿತ್ತು, ಸಿಕ್ಕಿದ್ದನ್ನು ನುಂಗಿ ಹೋಗುತ್ತಿತ್ತು.

ಅಳಿವೆಯ ಕೆಸರಿನಲ್ಲಿ, ಉಪ್ಪುನೀರಲ್ಲೇ ಬೇರೂರಿ ನಿಲ್ಲುವ ಒಂದು ಕಾಂಡ್ಲಾ ಗಿಡ. ಅದರ ಬುಡದಲ್ಲಿ ಕೆಂಪು ಚಗಳಿ ಇರುವೆಗಳ ಸಂಸಾರ, ತುದಿಯಲ್ಲಿ ಎಳ್ಳಿ ಎಂಬ ಪುಟ್ಟ ಜೇಡ. ಎಳ್ಳಿಗೆ ಚಗಳಿಗಳೆಂದರೆ ಜೀವಭಯ. ತನ್ನ ಅಮ್ಮನನ್ನು ಅವು ಹರಿದು ಹಂಚಿಕೊಂಡದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಈಗ ಅವಳ ಬಲೆಯಲ್ಲೂ ಮೊಟ್ಟೆಯ ಚೀಲವೊಂದು ತೂಗುತ್ತಿತ್ತು. ಹಾಗಾಗಿ ಅವಳು ಕೆಳಗೆ ಇಣುಕಿಯೂ ನೋಡುತ್ತಿರಲಿಲ್ಲ.

ಒಂದು ದಿನ ಗಾಳಿ ಓಡೋಡಿ ಬಂತು. “ಸಮುದ್ರ ಬರ್ತಾ ಉಂಟು, ಮೇಲೆ ಹತ್ತಿ” ಅಂತು.

ನೀರು ಏರಿತು. ಕಾಂಡವೆಲ್ಲ ಲೋಳೆ. ಇರುವೆಗಳು ಹತ್ತಿದವು, ಜಾರಿದವು. ಮತ್ತೆ ಹತ್ತಿದವು, ಮತ್ತೆ ಜಾರಿದವು.

ಚಗಳಿಯಜ್ಜಿ ಕೂಗಿದಳು: “ಎಳ್ಳೀ, ಒಂದು ಎಳೆ ಇಳಿಸು ಮಾರಾಯ್ತಿ. ಮಕ್ಕಳು ಮುಳುಗ್ತಾವೆ.”

“ಮೇಲೆ ಬಂದು ನನ್ನನ್ನೇ ತಿಂದರೆ, ಅಜ್ಜಿ?”

ಅಜ್ಜಿ ಸುಳ್ಳು ಹೇಳಲಿಲ್ಲ. “ನಾನು ತಿನ್ನುವುದಿಲ್ಲ. ಆದರೆ ನಮ್ಮ ಕಾವಲಿನವರು ನನ್ನ ಮಾತೂ ಕೇಳುವವರಲ್ಲ. ಎದುರು ಬಂದವರ ಮೀಸೆಗೆ ಮೀಸೆ ತಾಗಿಸಿ ನೋಡ್ತಾರೆ. ಮೀಸೆ ಇದ್ದರೆ ನಮ್ಮವರು, ಇಲ್ಲದಿದ್ದರೆ ಕಡಿಯುವುದು. ಅಷ್ಟೇ ಅವರಿಗೆ ಗೊತ್ತಿರುವುದು.”

ಜೇಡಕ್ಕೆಲ್ಲಿಯ ಮೀಸೆ? ಕೆಳಗೆ ಇರುವೆ ಮರಿಗಳು ಅಳುತ್ತಿದ್ದವು. ಯಾರ ಮಕ್ಕಳಾದರೇನು, ಅಳು ಒಂದೇ ತಾನೆ. ಅವಳು ಕಣ್ಣು ಮುಚ್ಚಿಕೊಂಡು ಬಲೆ ಬಿಚ್ಚಿ ಎಳೆ ಇಳಿಸಿದಳು.

ಮರಿಗಳು ನೂಲನ್ನು ಬಾಯಲ್ಲಿ ಕಚ್ಚಿ ಹಿಡಿದವು. ದೊಡ್ಡವು ಅವುಗಳನ್ನು ಹೊತ್ತು ಮೇಲೆ ಬಂದವು. ಎಲೆಗೆ ಎಲೆ ಸೇರಿಸಿ, ಮರಿಗಳ ಬಾಯಿಯ ನೂಲಿನಿಂದಲೇ ಹೊಲಿದು ಮನೆ ಕಟ್ಟಿಕೊಂಡವು. ಆ ನೂಲು ಚಗಳಿ ಮರಿಗಳ ಬಾಯಲ್ಲೇ ಉಳಿದುಬಿಟ್ಟಿತು.

ಎಳ್ಳಿಗೆ ಈಗ ಬಲೆಯೇ ಉಳಿದಿರಲಿಲ್ಲ. ಮೊಟ್ಟೆಯ ಚೀಲ ತಬ್ಬಿಕೊಂಡು ಬರಿಯ ಎಲೆಯ ಮೇಲೆ ಕೂತಿದ್ದಳು. ಕಾವಲಿನ ಇರುವೆಯೊಂದು ದವಡೆ ತೆರೆದುಕೊಂಡು ನೇರ ಅವಳತ್ತ ಬಂತು. ಓಡೋಣವೆಂದರೆ ಕೆಳಗೆ ನೀರು. ಮುಂಗಾಲೆರಡೂ ತಾವಾಗಿಯೇ ಮೇಲೆದ್ದು ಗಡಗಡ ನಡುಗಿದವು. ಆ ನಡುಗುವ ಕಾಲು ಇರುವೆಯ ಮೀಸೆಗೆ ತಾಗಿತು.

ಇರುವೆ ನಿಂತಿತು. ಇನ್ನೊಮ್ಮೆ ತಾಗಿಸಿ ನೋಡಿತು.

“ನಮ್ಮವಳೇ” ಎಂದು ಗೊಣಗಿ ಮುಂದೆ ಹೋಯಿತು.

ಎತ್ತಿದ ಕಾಲನ್ನು ಇಳಿಸುವ ಧೈರ್ಯ ಎಳ್ಳಿಗೆ ಮತ್ತೆ ಬರಲೇ ಇಲ್ಲ. ಇವತ್ತಿಗೂ ಕಾಂಡ್ಲಾ ಎಲೆಯ ಮೇಲೆ ಚಗಳಿಗಳ ನಡುವೆ ಒಂದು ಮಾತ್ರ ಮುಂಗಾಲೆರಡನ್ನೂ ಎತ್ತಿ ನಡುಗಿಸುತ್ತಾ ಹೋಗುವುದು ಕಂಡರೆ, ಅದು ಇರುವೆಯಲ್ಲ ಮಗೂ, ಇನ್ನೂ ಹೆದರಿಕೆ ಬಿಡದ ಎಳ್ಳಿಯ ಮಗಳು.