ಹಳೆಯ ಜೆಟ್ಟು ಹಾಕದ ಲಾಗ

ವೈಮಾನಿಕ ಪ್ರದರ್ಶನದ ದಿನ ಅರವತ್ತು ವರ್ಷದ ಜೆಟ್ ವಿಮಾನವೊಂದು ರನ್‌ವೇ ತುದಿಯಲ್ಲಿ ತನ್ನ ಸರದಿಗಾಗಿ ಕಾಯುತ್ತಿತ್ತು. ಬೇಲಿಗೂಟದ ಮೇಲೆ ಕುಳಿತಿದ್ದ ಮುದಿ ಹದ್ದು ಕೇಳಿತು: "ಅಣ್ಣಾ, ಇವತ್ತು ಏನು ಆಟ?"

"ಪ್ರಾಯದಲ್ಲಿ ಹಾಕುತ್ತಿದ್ದ ಲಾಗವನ್ನೇ ಹಾಕುತ್ತೇನೆ. ಜನ ಅದಕ್ಕೇ ಬಂದಿದ್ದಾರೆ."

"ಹೋದ ವರ್ಷ ನಿನ್ನ ಓರಗೆಯವನೂ ಹೀಗೇ ಹೇಳಿದ್ದ. ಅರ್ಧ ಲಾಗಕ್ಕೆ ಚಪ್ಪಾಳೆ ಬಿತ್ತು. ಉಳಿದರ್ಧಕ್ಕೆ ಅವನೇ ಬಿದ್ದ."

"ನಿನ್ನ ರೆಕ್ಕೆ ಸೋತಿರಬಹುದು, ನನ್ನದು ಸೋತಿಲ್ಲ" ಎಂದು ಜೆಟ್ಟು ಪೈಲಟ್‌ನನ್ನು ಹೊತ್ತು ಮೇಲೇರಿತು.

ಲಾಗ ಹಾಕಲು ಮೂಗೆತ್ತಿದ್ದೇ ತಡ, ಎಂಜಿನ್ ಒಮ್ಮೆ ಕೆಮ್ಮಿತು. ಕೆಳಗೆ ಅಪ್ಪಂದಿರ ಹೆಗಲೇರಿದ ಮಕ್ಕಳು ಕಂಡರು. ಆಚೆಗೆ, ಓರಗೆಯವನು ಬಿದ್ದ ಹೊಲವೂ ಕಂಡಿತು. ಜೆಟ್ಟು ಮೂಗು ತಗ್ಗಿಸಿ, ನೆಟ್ಟಗೆ ಹಾರಿ, ಮೆಲ್ಲಗೆ ಇಳಿಯಿತು.

"ಇಷ್ಟೇನಾ?" ಎಂದು ಯಾರೋ ಗೊಣಗಿದರು. ಜೆಟ್ಟಿನ ಮುಖ ಸಣ್ಣದಾಯಿತು. ಆಗ ಅದನ್ನು ಮೂವತ್ತು ವರ್ಷದಿಂದ ನೋಡಿಕೊಂಡು ಬಂದಿದ್ದ ಮೆಕ್ಯಾನಿಕ್ ಗುರುಪಾದಪ್ಪ ಬಂದು, ಕಾದ ಮೈಮೇಲೆ ಅಂಗೈಯಿಟ್ಟು, "ಬಂದೆಯಲ್ಲಪ್ಪ, ಸಾಕು" ಅಂದ.

ಪೈಲಟ್ ಏಣಿಯಿಳಿದು ಹೋಗಿ, ಹೆಂಡತಿ ತಂದಿದ್ದ ಬುತ್ತಿ ಬಿಚ್ಚಿ ಉಣ್ಣತೊಡಗಿದ. ಅದನ್ನೇ ನೋಡುತ್ತ ಜೆಟ್ಟು ನೆಮ್ಮದಿಯಾಗಿ ತಣ್ಣಗಾಗತೊಡಗಿತು.